ಇನ್ನೂರೈವತ್ತೈದಕ್ಕೆ ಒಂದು

ಚೌತಿಗೆಂದು ಹೊನ್ನಾವರಕ್ಕೆ ಬಂದ ತಂಗಿಯ ಮಗ, ಬ್ಯಾಗಿನಿಂದ ಬಟ್ಟೆಗಿಂತ ಮೊದಲು ಹಳೆಯ ಸಿಸ್ಕೊ ರೂಟರೊಂದನ್ನು ತೆಗೆದ. ಯಾವುದೋ ಪರೀಕ್ಷೆಗೆ ಅಭ್ಯಾಸವಂತೆ. ನಮ್ಮ ಇಂಟರ್ನೆಟ್ಟಿಗೇ ಅದನ್ನು ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಲೋಡ್ ತೋರಿಸಿದ: 1/255.

"ಇನ್ನೂರೈವತ್ತೈದಕ್ಕೆ ಒಂದೇ ಮಾರ್ಕೇ? ಗಣಿತದಲ್ಲಿ ನಾನೂ ಇಷ್ಟು ಕಡಿಮೆ ತೆಗೆದವನಲ್ಲ."

"ಮಾರ್ಕಲ್ಲ ಮಾವ. ಎಂಟು ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 255. ಲೈನು ಪೂರ್ತಿ ತುಂಬಿದರೆ 255/255. ಖಾಲಿ ಬಿದ್ದಿದ್ದರೂ ಒಂದು ಅಂತಲೇ ತೋರಿಸ್ತದೆ."

ಖಾಲಿ ಉತ್ತರಪತ್ರಿಕೆಗೂ ಒಂದು ಮಾರ್ಕು ಕೊಡುವ ಈ ಮೇಷ್ಟ್ರು ನನಗೆ ಹಿಡಿಸಿದರು. ಅಷ್ಟರಲ್ಲಿ ಒಳಗಿನಿಂದ ಕೂಗು: "ಕುಮಟಾದ ಆಯಿ ಮತ್ತೆ ಬಾಯಿ ತೆರೆದಲ್ಲೇ ನಿಂತಳು!" ವಿಡಿಯೊ ಕಾಲ್ ಕಲ್ಲಾಗಿತ್ತು. ಪರದೆಯಲ್ಲಿ ಮಾತ್ರ ಅದೇ 1/255.

"ಅದು ಐದು ನಿಮಿಷದ ಸರಾಸರಿ ಮಾವ. ಇಪ್ಪತ್ತು ಸೆಕೆಂಡಿನ ನೂಕುನುಗ್ಗಲು ಅದರಲ್ಲಿ ಕರಗಿಹೋಗ್ತದೆ."

ಇದು ನನಗೆ ತಟ್ಟನೆ ಅರ್ಥವಾಯಿತು. ನಮ್ಮ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ. 365ರಿಂದ ಭಾಗಿಸಿ ನೋಡಿ, ದಿನಕ್ಕೆ ಎಂಟೋ ಒಂಬತ್ತೋ. ಅಷ್ಟಕ್ಕೆ ಇಲ್ಲಿ ಕೊಡೆ ಬಿಚ್ಚುವವರೂ ಇಲ್ಲ. ಆಷಾಢದಲ್ಲಿ ಅಂಗಳವೇ ಶರಾವತಿಯಾಗುವುದು ಸರಾಸರಿಗೆ ಗೊತ್ತೇ ಇಲ್ಲ.

ಅವನು ಅವಧಿಯನ್ನು 30 ಸೆಕೆಂಡಿಗೆ ಇಳಿಸಿದ. ಲೋಡ್ ಏರಿತು: 12/255. ಅಲ್ಲಿಗೇ ನಿಂತಿತು.

"ಇನ್ನೂ 243 ಬಾಕಿ ಇದೆಯಲ್ಲ?"

"ಪೋರ್ಟು ಸಾವಿರ ಮೆಗಾಬಿಟ್‌ನದ್ದು. ನೀವು ದುಡ್ಡು ಕಟ್ಟಿದ್ದು ಐವತ್ತಕ್ಕೆ. ರೂಟರ್ ಲೆಕ್ಕ ಹಾಕೋದು ಪೋರ್ಟಿನ ಮೇಲೆ."

ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿ 66 ಎಷ್ಟು ಅಗಲವಾದರೇನು, ನಮ್ಮ ಮನೆಯ ದಣಪೆಯಲ್ಲಿ ರಿಕ್ಷಾ ತೂರುವುದಿಲ್ಲ. ದಣಪೆಯಲ್ಲಿ ಸಿಕ್ಕಿಬಿದ್ದವನಿಗೆ ಹೆದ್ದಾರಿಯ ಅಗಲ ಹೇಳಿ ಸಮಾಧಾನ ಮಾಡುವ ಜಾತಿ ಈ ರೂಟರ್.

"ಹಾಗಾದರೆ ದಣಪೆಯಲ್ಲಿ ಸಿಕ್ಕಿಕೊಂಡದ್ದು ಯಾರ ರಿಕ್ಷಾ?"

ಅವನು ಚಕ್ಕುಲಿ ಡಬ್ಬಕ್ಕೆ ಕೈ ಹಾಕಿದ. ಫೋನಿನಲ್ಲಿ ನಾಲ್ಕು ಸಿನಿಮಾ ಒಟ್ಟಿಗೇ ಇಳಿಯುತ್ತಿದ್ದವು.

ಕಲಿತ ವಿದ್ಯೆಯನ್ನು ಊಟದ ಹೊತ್ತಿಗೆ ಹೆಂಡತಿಯ ಮುಂದೆ ಹರವಿದೆ. ಅವಳು ಬಡಿಸುವುದನ್ನು ನಿಲ್ಲಿಸಿ ಕೇಳಿದಳು: "ಅಂದರೆ, ಬೆಳಿಗ್ಗೆ ಐದರಿಂದ ಒಂಬತ್ತರ ಅಡುಗೆಮನೆಯನ್ನು ಇಡೀ ದಿನಕ್ಕೆ ಭಾಗಿಸಿ 'ನಿನಗೆಂತ ಕೆಲಸ ಇದ್ದು' ಅಂತ ಇಷ್ಟು ವರ್ಷ ಕೇಳಿದ್ದು ನೀವೇ ಅಲ್ಲವೇ?"

ತಂಗಿಯ ಮಗ ಎಲೆ ನೋಡುತ್ತ ಮೆಲ್ಲಗೆ ಹೇಳಿದ: "ಮಾವ, ಅವಧಿ ಇಳಿಸಿ."