ಕೌರವ ಸರೋವರದಲ್ಲೇ ಉಳಿದ ರಾತ್ರಿ

ಸಾಗರದ ಪೇಟೆಯಲ್ಲಿ ಹೊಸ ಫೋನು ಕೊಳ್ಳಲು ಹೋದರೆ ಅಂಗಡಿಯ ಹುಡುಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ಲು, ಬ್ಯಾಟರಿ ಎಷ್ಟು ಹೊತ್ತು ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಅಡಿಕೆಯ ಚೊಗರು ಹತ್ತಿದ ಹೆಬ್ಬೆರಳನ್ನು ಇದು ಗುರುತಿಸುತ್ತದೆಯೇ ಎಂದು ಕೇಳಿ ನೋಡಿ, ಮುಖ ಹುಳ್ಳಗಾಗುತ್ತದೆ. ಅವನ ಮನೆಯಲ್ಲೂ ಅಡಿಕೆ ತೋಟ ಇರುತ್ತದೆ, ಅದು ಬೇರೆ ಮಾತು.

ನನಗೆ ಯಂತ್ರಗಳ ಹುಚ್ಚು. ವರದಹಳ್ಳಿಯ ಮನೆಯ ಮೆತ್ತಿನ ಮೇಲೆ ಕೂತು ಬೆಂಗಳೂರಿನ ಕಂಪನಿಗೆ ಪ್ರೋಗ್ರಾಮು ಬರೆದುಕೊಂಡಿದ್ದೇನೆ. ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡೇ ತೋಟಕ್ಕಿಳಿಯುತ್ತೇನೆ. ಧರೆ ಹತ್ತಿ ಬಂದರೆ ಅದು ಶಹಬ್ಬಾಸ್ ಎನ್ನುತ್ತದೆ. ಅಪ್ಪಯ್ಯ ಜೀವಮಾನವೆಲ್ಲ ಅದೇ ಧರೆ ಹತ್ತಿಳಿದರೂ ಒಬ್ಬರೂ ಅಂದಿರಲಿಲ್ಲ. ಭದ್ರಾವತಿ ಆಕಾಶವಾಣಿಯ ಎಫ್‌ಎಂ ಸಂಖ್ಯೆ 103.5, ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಲ್ಲಿ ಒಂದೊಂದರ ಸಾಮರ್ಥ್ಯವೂ 103.5 ಮೆಗಾವಾಟ್. ಈ ವಿಸ್ಮಯವನ್ನು ಸೀಮೆಯ ಎಲ್ಲ ಮದುವೆ ಪಂಕ್ತಿಗಳಲ್ಲೂ ಹೇಳಿ ನೋಡಿದ್ದೇನೆ. ಯಾರೂ ಬಾಳೆಯಿಂದ ತಲೆ ಎತ್ತಿಲ್ಲ.

ಚಳಿಗಾಲ ಬಂತೆಂದರೆ ನನ್ನ ಹುಚ್ಚಿಗೂ ನಮ್ಮೂರ ಕಸುಬಿಗೂ ಜಟಾಪಟಿ. ದೀಪಾವಳಿ ಕಳೆದ ಮೇಲೆ ಕೊನೆಗೌಡ ಮರ ಹತ್ತುತ್ತಾನೆ, ಕೊನೆಗಳು ಹಗ್ಗದಲ್ಲಿ ಜಾರಿ ಬರುತ್ತವೆ, ಅಂಗಳದಲ್ಲಿ ಹಸಿ ಅಡಿಕೆಯ ಗುಡ್ಡ ಬೀಳುತ್ತದೆ. ಮಾರ್ಗಶಿರದ ಹುಣ್ಣಿಮೆಗೆ ದತ್ತ ಜಯಂತಿ. ಶ್ರೀಧರ ಸ್ವಾಮಿಗಳು ಹುಟ್ಟಿದ್ದು 1908ರ ಅದೇ ತಿಥಿಯಂದು, ಹಾಗಾಗಿ ನಮ್ಮೂರಿನ ಅವರ ಆಶ್ರಮದ ಕಡೆ ಜನವೋ ಜನ. ತೀರ್ಥದ ತಣ್ಣೀರಿಗೆ ಇಳಿಯುವ ಮೊದಲೊಂದು ಸೆಲ್ಫಿ, ನಡುಗುತ್ತ ಎದ್ದ ಮೇಲೆ ಇನ್ನೊಂದು. ಅವರ ಕೈ ಖಾಲಿ ಇರುತ್ತದೆ, ತೆಗೆದುಕೊಳ್ಳಲಿ. ನಮ್ಮ ಕೈ ಮಾತ್ರ ಸಂಜೆಯಿಂದ ಮಧ್ಯರಾತ್ರಿಯವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಮುಡಿಪು. ಬೇಯಿಸುವ ಹಂಡೆ ಕಾಯುತ್ತಿರುತ್ತದೆ, ಸುಲಿದಷ್ಟೂ ಸಾಲದು.

ಫೋನು ತಯಾರಿಸಿದವರು ಈ ಕೈಗಳನ್ನು ನೋಡಿಲ್ಲ. ಜಗತ್ತಿನ ಜನರೆಲ್ಲ ಕೈ ಒಣಗಿಸಿಕೊಂಡು, ಬೆರಳು ಚಾಚಿಕೊಂಡು ಸುಮ್ಮನೆ ಕೂತಿರುತ್ತಾರೆಂದು ಅವರ ನಂಬಿಕೆ. ರೇಡಿಯೊ ಮಾಡಿದವರಿಗೆ ಆ ಭ್ರಮೆ ಇರಲಿಲ್ಲ. 1965ರಲ್ಲಿ ಭದ್ರಾವತಿ ನಿಲಯ ಶುರುವಾದಾಗಿನಿಂದ ನಮ್ಮ ಸೀಮೆಯ ಅಡಿಕೆ ಸುಲಿತಕ್ಕೂ ಅದಕ್ಕೂ ನಂಟು. ಒಮ್ಮೆ ತಿರುಪು ತಿರುಗಿಸಿದರೆ ಮುಗಿಯಿತು. ‘ಇನ್ನೂ ಕೇಳುತ್ತಿದ್ದೀರಾ?’ ಎಂದು ಅದು ಯಾರನ್ನೂ ಅನುಮಾನಿಸಿದ್ದಿಲ್ಲ.

ಇಷ್ಟು ಗೊತ್ತಿದ್ದೂ ನಾನು ಸುಲಿತದ ಚಪ್ಪರಕ್ಕೆ ಫೋನು ತಂದು, ತೆಂಗಿನಕಾಯಿಗೆ ಒರಗಿಸಿ, ಪಕ್ಕದಲ್ಲೊಂದು ಬ್ಲೂಟೂತ್ ಸ್ಪೀಕರ್ ಇಟ್ಟು ತಾಳಮದ್ದಳೆ ಹಚ್ಚಿದೆ. ಗದಾಪರ್ವ. ನಮ್ಮಲ್ಲಿಗೆ ಕಂಬದಿಂದ ಕಂಬಕ್ಕೆ ಫೈಬರ್ ಬಂದಿದೆ, ಸೋಗೆ ಬಿದ್ದು ಹರಿಯದ ದಿನ ಚೆನ್ನಾಗಿಯೇ ಓಡುತ್ತದೆ. ಕೌರವ ಸೇನೆಯನ್ನೆಲ್ಲ ಕಳೆದುಕೊಂಡು ವೈಶಂಪಾಯನ ಸರೋವರದಲ್ಲಿ ಮುಳುಗಿದ. ಭೀಮ ದಡಕ್ಕೆ ಬಂದು ಕೆಣಕಬೇಕು, ಅಷ್ಟರಲ್ಲಿ ಮದ್ದಳೆ ನಿಂತಿತು. ಪರದೆಯ ಮೇಲೆ ಪ್ರಶ್ನೆ: ‘ವಿಡಿಯೊ ನಿಲ್ಲಿಸಲಾಗಿದೆ. ಮುಂದುವರಿಸಬೇಕೆ?’ ಕೌರವನಿಗೆ ಜಲಸ್ತಂಭನ ವಿದ್ಯೆ ಗೊತ್ತಿತ್ತು, ವಿಡಿಯೊ ಸ್ತಂಭನಕ್ಕೆ ಅವನ ಹತ್ತಿರವೂ ಮಂತ್ರವಿರಲಿಲ್ಲ.

ಎಲ್ಲರ ಕೈಯೂ ಚೊಗರುಮಯ. ಮುಟ್ಟಿದರೆ ಪರದೆಗೆ ಮೆತ್ತಿಕೊಳ್ಳುತ್ತದೆ. ಕೈ ತೊಳೆದು ಬರೋಣವೆಂದರೆ ಬಚ್ಚಲು ಅಂಗಳದಾಚೆ, ನಡುವೆ ಹೊರಳಾಡುವ ಮಂಜು. ನಾನು ಧ್ವನಿ ಸಹಾಯಕಿಯನ್ನು ಕರೆದು ‘ಮುಂದುವರಿಸು’ ಎಂದೆ. ‘ಸಾಗರದಲ್ಲಿ ಈಗ ತಿಳಿ ಆಕಾಶ’ ಎಂದಳು. ಎದುರಿನ ತುಳಸಿಕಟ್ಟೆ ಕಾಣುತ್ತಿರಲಿಲ್ಲ.

“ಮಾಣಿ, ಕೌರವ ನೀರಲ್ಲಿದ್ದ. ಈ ಚಳಿಲಿ ಎಷ್ಟೊತ್ತು ನಿಲ್ಲಿಸ್ತೆ?” ಎಂದರು ಅಪ್ಪಯ್ಯ.

ಮೊಣಕೈಯಲ್ಲಿ ಒತ್ತಿದೆ. ಉಣ್ಣೆಯ ಸ್ವೆಟರು. ಪರದೆಗೆ ಬೇಕಾದ್ದು ಮೈಯ ವಿದ್ಯುದಂಶ, ಉಣ್ಣೆ ಅದನ್ನು ಹಾಯಗೊಡುವುದಿಲ್ಲ. ಇದನ್ನು ಅಲ್ಲಿದ್ದವರಿಗೆ ವಿವರಿಸುತ್ತಿರುವಾಗಲೇ ಹೊಳೆಯಿತು. ತಲೆಯಿಂದ ಕಾಲಿನವರೆಗೆ ಕಂಬಳಿ, ಮಫ್ಲರು, ಮಂಕಿ ಕ್ಯಾಪು ಹೊದ್ದ ನನ್ನ ಮೈಯಲ್ಲಿ ಬರಿದಾಗಿ ಉಳಿದ ಚೊಕ್ಕ ಚರ್ಮ ಒಂದೇ, ಮೂಗು.

ಮಂಡಿಯೂರಿ ಬಗ್ಗಿದೆ. ಈ ಕೆಲಸದಲ್ಲೊಂದು ಮೂಲಭೂತ ತೊಡಕಿದೆ: ಮೂಗಿನ ತುದಿ ಎಲ್ಲಿ ಇಳಿಯುತ್ತಿದೆಯೆಂದು ಮೂಗಿನ ಒಡೆಯನಿಗೇ ಕಾಣುವುದಿಲ್ಲ. ಹತ್ತಿರ ಹೋದಷ್ಟೂ ಕಣ್ಣು ಮೆಳ್ಳಾಗಿ ಒಂದು ಗುಂಡಿ ಎರಡಾಗುತ್ತದೆ. ಇಕ್ಕಟ್ಟು ರಸ್ತೆಯಲ್ಲಿ ಲಾರಿ ಹಿಂದೆ ತೆಗೆಸುವವನ ಹಾಗೆ ಭಾವ ನಿಂತುಕೊಂಡ. “ಎಡಕ್ಕೆ, ಇನ್ನೂ ಚೂರು ಎಡಕ್ಕೆ, ಬರ್ಲಿ, ಬರ್ಲಿ…” ಮೊದಲ ಸ್ಪರ್ಶಕ್ಕೆ ಜಾಹೀರಾತು ಬಂತು, ಚಳಿಗೆ ಒಡೆದ ಮುಖಕ್ಕೆ ಹಚ್ಚುವ ಕ್ರೀಮಿನದು. ಅದನ್ನು ದಾಟಿಸುವ ಗುಂಡಿ ಮೂಲೆಯಲ್ಲಿ, ಸಾಸಿವೆಯಷ್ಟು. ಮತ್ತೆ ಇಳಿದೆ. ನೆಗಡಿಯ ಮೂಗು, ಮುಟ್ಟುವ ಮೊದಲೇ ಹನಿಯೊಂದು ಉದುರಿತು. ನೀರಹನಿಯೂ ಪರದೆಗೆ ಬೆರಳೇ. ಹನಿ ಒತ್ತಿದ್ದರಿಂದ ಕ್ರೀಮಿನ ಅಂಗಡಿ ತೆರೆದುಕೊಂಡು ಮೂರು ಡಬ್ಬಿ ಬುಟ್ಟಿಗೆ ಸೇರಿತು. ಸುಲಿಯುವವರೆಲ್ಲ ಕತ್ತಿ ಬಿಟ್ಟು ಸುತ್ತ ನೆರೆದಿದ್ದರು. ಹಿಂದಕ್ಕೆ ಹೋಗುವ ಬಾಣಕ್ಕೆ ಗುರಿಯಿಟ್ಟು ಮೂರನೆಯ ಸಲ ಇಳಿದೆ. ಅದೇ ಗಳಿಗೆಗೆ ಆಫೀಸಿನ ಕರೆ ಬಂತು. ಅಮೆರಿಕದಲ್ಲಿ ಆಗ ಬೆಳಿಗ್ಗೆ, ಅಲ್ಲೇನೋ ಕೆಟ್ಟಿತ್ತು. ಮೂಗು ಕರೆಯನ್ನು ಸ್ವೀಕರಿಸಿತು, ವಿಡಿಯೊ ಸಮೇತ.

ಸ್ಪೀಕರಿನಿಂದ ಗಂಭೀರ ಧ್ವನಿಯೊಂದು ಚಪ್ಪರವನ್ನೆಲ್ಲ ತುಂಬಿತು. “ಯಾರಿದ್ದೀರಿ ಅಲ್ಲಿ? ಕತ್ತಲಲ್ಲಿದ್ದೀರಿ, ಏನೂ ಕಾಣ್ತಿಲ್ಲ. ಸ್ವಲ್ಪ ಹೊರಗೆ ಬನ್ನಿ!”

ಅಪ್ಪಯ್ಯ ತೃಪ್ತಿಯಿಂದ ತಲೆಯಾಡಿಸಿದರು. “ಭೀಮ ಬಂದ. ಸ್ವರ ಮಾತ್ರ ಸ್ವಲ್ಪ ಸಪೂರ ಆತು.”

ನನ್ನ ಮೂಗಿನ ಹೊಳ್ಳೆಗಳನ್ನು ಪರದೆ ತುಂಬ ಕಂಡ ಮ್ಯಾನೇಜರು ಇವತ್ತಿಗೂ ಕ್ಯಾಮೆರಾ ಹಾಕಿ ಎಂದು ನನಗೆ ಹೇಳುವುದಿಲ್ಲ.

ನಗು ಇಳಿದ ಮೇಲೆ ಫೋನು ತಾನಾಗಿ ಬೀಗ ಹಾಕಿಕೊಂಡಿತ್ತು. ಮಂಕಿ ಕ್ಯಾಪಿನ ಮುಖ ಅದಕ್ಕೆ ಅಪರಿಚಿತ. ಕೊನೆಗೂ ಕೈ ತೊಳೆದು ಬಂದು ಬೆರಳಿಟ್ಟೆ. ಚೊಗರಿನ ಕಪ್ಪು ಲಿಂಬೆಹಣ್ಣು ತಿಕ್ಕಿದರೂ ಬೇಗ ಬಿಡುವಂಥದ್ದಲ್ಲ. ‘ಹೊಂದಿಕೆಯಾಗುತ್ತಿಲ್ಲ’ ಎಂದಿತು. ಸುಲಿಯಲು ಬರುವ ಅಕ್ಕ ಮೆಟ್ಟುಗತ್ತಿಗೆ ಮರಳುತ್ತ ಹೇಳಿದರು: “ನಿಮ್ಗೆ ಇದೊಂದು ದಿನ ಹೆಗ್ಡೇರೆ. ರೇಷನ್ ಅಂಗಡೀಲಿ ನನ್ ಬೆಟ್ಟು ನಂದಲ್ಲ ಅಂತದೆ ಆ ಮಿಷನ್ನು, ತಿಂಗ್ಳು ತಿಂಗ್ಳೂ.”

ಅವರ ಹೆಬ್ಬೆರಳು ನೋಡಿದೆ. ವರ್ಷಗಟ್ಟಲೆ ಸಿಪ್ಪೆ ಎಳೆದೆಳೆದು ಗೆರೆಗಳೇ ಸವೆದಿವೆ, ಉಳಿದ ಜಾಗದಲ್ಲಿ ಕತ್ತಿ ಹಾಯ್ದ ಹಳೆಯ ಗೀರು. ಬೆರಳು ಬಾರದಿದ್ದರೆ ಒಟಿಪಿ ಇದೆಯಲ್ಲ ಎಂದು ಬಾಯಿಬಿಟ್ಟೆ. ಅದು ಹೋಗುವುದು ಬೆಂಗಳೂರಿನಲ್ಲಿರುವ ಮಗನ ನಂಬರಿಗೆ. ಅವನು ಕೆಲಸದಲ್ಲಿದ್ದರೆ ಎತ್ತುವುದಿಲ್ಲ, ಅಷ್ಟರಲ್ಲಿ ಇವರ ಅರ್ಧ ದಿನದ ಸುಲಿತ ಹೋಗಿರುತ್ತದೆ. ‘ಬೆರಳನ್ನು ಒರೆಸಿ ಮತ್ತೆ ಪ್ರಯತ್ನಿಸಿ’ ಎಂಬ ವಾಕ್ಯ ಬರೆದವನು ಎಲ್ಲಿದ್ದಾನೋ, ಅವನನ್ನು ಒಂದು ಡಿಸೆಂಬರ್ ನಮ್ಮ ಚಪ್ಪರದಲ್ಲಿ ಕೂರಿಸಬೇಕೆನ್ನಿಸಿತು. 2020ರ ಲಾಕ್‌ಡೌನಿನಲ್ಲಿ ಇದೇ ಸೀಮೆಯ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಟೆಂಟು ಕಟ್ಟಿ ಪಾಠ ಕೇಳಿದರು. ಹೊಸನಗರದ ಕಡೆ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ಹಳ್ಳಿಯವರು ಬೋರ್ಡು ಹಾಕಿದರು. ಯಂತ್ರ ನಮ್ಮ ಹತ್ತಿರ ಬರಲಿ ಎಂದು ಅಷ್ಟೆಲ್ಲ ಗೋಗರೆದೆವು. ಬಂದ ಯಂತ್ರ ಮೊದಲು ಮಾಡಿದ್ದು ನೀನು ಯಾರು ಎಂದು ಕೇಳುವುದು, ಹೇಳಿದರೆ ನಂಬದಿರುವುದು. ನಾನೂ ಅದೇ ಕಸುಬಿನವನು. ನಮ್ಮ ಪರೀಕ್ಷೆಗಳಿಗೆ ಬೆರಳು ಕೊಡುವವರೆಲ್ಲ ಕೀಲಿಮಣೆಯ ಆಚೆಗೆ ಏನನ್ನೂ ಮುಟ್ಟದ ಮಂದಿ.

ಹುಚ್ಚು ಅಲ್ಲಿಗೇ ಬಿಡುವುದಲ್ಲವಲ್ಲ. ವಾದ್ಯ ನುಡಿಸುವವರು ಕೈ ಬಿಡದೆ ಸ್ವರಲಿಪಿಯ ಹಾಳೆ ಮಗುಚಲು ಬಳಸುವ ಬ್ಲೂಟೂತ್ ಪೆಡಲೊಂದಿದೆ. ತರಿಸಿದೆ. ಸುಲಿಯುವವರ ಒಂದು ಕಾಲು ಮೆಟ್ಟುಗತ್ತಿಯ ಮಣೆಯ ಮೇಲಿರುತ್ತದೆ, ಇನ್ನೊಂದಕ್ಕೆ ಕೆಲಸವಿಲ್ಲ. ಆ ಕಾಲಿನಿಂದ ಒತ್ತಿದರೆ ವಿಡಿಯೊ ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ. ಇದು ಯಾರ ಕಾಲು, ಗೆರೆ ಇದೆಯೋ ಇಲ್ಲವೋ, ಒರೆಸಿದ್ದಾರೋ ಇಲ್ಲವೋ, ಏನೂ ವಿಚಾರಣೆ ಇಲ್ಲ.

ಪೆಡಲು ಈಗ ಅಕ್ಕನ ವಶದಲ್ಲಿದೆ. ಸುಲಿತದ ಸರದಾರಿಣಿ ಅವರೇ, ನಮ್ಮ ಯಾರ ಕಾಲನ್ನೂ ಹತ್ತಿರ ಬರಗೊಡುವುದಿಲ್ಲ. ಅವರಿಗೊಂದೇ ಅಸಮಾಧಾನ. ಅರ್ಥಧಾರಿಯ ಮಾತಿನ ನಡುವೆ ಅಪ್ಪಯ್ಯ ತಮ್ಮ ವ್ಯಾಖ್ಯಾನ ಶುರುಮಾಡಿದಾಗ ಬಲವಾಗಿ ತುಳಿಯುತ್ತಾರೆ. ಕೌರವ ತಕ್ಷಣ ಬಾಯಿ ಮುಚ್ಚುತ್ತಾನೆ, ಅಪ್ಪಯ್ಯ ಮುಂದುವರಿಯುತ್ತಾರೆ.