ಡಬ್ಬದೊಳಗಿನ ಸುಲೋಚನ

ನಮ್ಮ ಮನೆಯಲ್ಲಿ ನಾಲ್ಕು ಬೀರುಗಳಿವೆ. ಮೂರೂವರೆ ಬೀರುಗಳಲ್ಲಿ ನನ್ನ ಸಿನಿಮಾಗಳು, ಮಿಕ್ಕ ಅರ್ಧದಲ್ಲಿ ನಾಲ್ವರ ಬಟ್ಟೆಬರೆ. ವಿಸಿಆರ್ ಕೆಟ್ಟು ಹದಿನೈದು ವರ್ಷವಾದರೂ ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಒರೆಸಿ ಒರೆಸಿ ಇಟ್ಟಿದ್ದೇನೆ. ಎರಡನೇ ಡಿಸ್ಕ್ ಮಾತ್ರ ಇರುವ ವಿಸಿಡಿಗಳೇ ಹನ್ನೊಂದು. "ಯಾರು ಅಂತಲೇ ಗೊತ್ತಿಲ್ಲದೆ ಸಾಯೋರನ್ನ ನೋಡಿ ಹೇಗ್ರೀ ಅಳ್ತೀರಿ?" ಅನ್ನುತ್ತಾಳೆ ಹೆಂಡತಿ.

ಸಿಗುವ ಸಿನಿಮಾ ನನಗೆ ಬೇಡ. ಯೂಟ್ಯೂಬಿಗೆ ಬಂತೋ, ಮುಗಿಯಿತು, ಅದರ ಋಣ ಹರಿಯಿತು. ನನ್ನ ಕಣ್ಣಿರುವುದು 'ಸತಿ ಸುಲೋಚನ'ದ ಮೇಲೆ. ಕನ್ನಡದ ಮೊದಲ ವಾಕ್ಚಿತ್ರ, ಕೊಲ್ಹಾಪುರದಲ್ಲಿ ಚಿತ್ರೀಕರಣವಾಗಿ 1934ರ ಮಾರ್ಚ್ 3ರಂದು ಬಿಡುಗಡೆಯಾದದ್ದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ. ಇಂದು ಅದರ ಒಂದು ಪ್ರಿಂಟೂ ಇಲ್ಲ. ಪುಣೆಯಲ್ಲಿ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ರೀಲುಗಳಿಂದ ಬೆಳ್ಳಿ ತೆಗೆದು ಮಾರಿಯಾಗಿತ್ತು. ಪ್ರಿಂಟು ಉಳಿದಿದ್ದರೆ? ನಿಜ ಹೇಳುತ್ತೇನೆ, ಹತ್ತು ನಿಮಿಷ ನೋಡಿ ತೂಕಡಿಸುತ್ತಿದ್ದೆ.

ಹೋದ ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ ತುಕ್ಕು ಹಿಡಿದ ಫಿಲ್ಮ್ ಡಬ್ಬವೊಂದು ಸಿಕ್ಕಿತು. ಚೀಟಿ ಹರಿದು ಹೋಗಿ 'ಸ' ಒಂದೇ ಉಳಿದಿತ್ತು. 'ಸ' ಅಂದರೆ ಸತಿಯಲ್ಲದೆ ಇನ್ನೇನು? ಎದೆ ಹೊಡೆದುಕೊಳ್ಳುತ್ತಿದ್ದುದರಿಂದ ಚೌಕಾಸಿಗೆ ಬಾಯಿ ಬರಲಿಲ್ಲ. ಸಾವಿರದ ಎಂಟುನೂರು ಕೊಟ್ಟೆ. ಮನೆಯಲ್ಲಿ ಮುನ್ನೂರು ಅಂದೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಡಬ್ಬಕ್ಕೊಂದು ಘನತೆ ಬರಲೆಂದು ಭಾಷಣ ಶುರು ಮಾಡಿದೆ: "ಇದು ನೈಟ್ರೇಟ್ ಫಿಲ್ಮು. ಬಂದೂಕಿನ ಮದ್ದಿನ ಜಾತಿ. ಹೊತ್ತಿಕೊಂಡರೆ ನೀರಿನೊಳಗೂ ಉರಿಯುತ್ತೆ!"

ಅಮ್ಮ ಎದ್ದು ಹೋಗಿ ದೇವರ ದೀಪ ಶಾಂತ ಮಾಡಿದಳು. ಹೆಂಡತಿ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿದಳು. ಮಗ ಡಬ್ಬವನ್ನು ಎರಡು ಕೈಯಲ್ಲಿ, ಮಲಗಿದ ಹಾವನ್ನು ಒಯ್ಯುವವನ ಹಾಗೆ ಒಯ್ದು, ಕಾಂಪೌಂಡಿನಾಚೆ ಇಟ್ಟು ಬಂದ.

"ಮಳೆ ಬರೋ ಹಾಗಿದೆ ಕಣೇ, ನೆನೆಯುತ್ತೆ."

"ನೀರೊಳಗೂ ಉರಿಯೋದಕ್ಕೆ ನೆಂದರೇನ್ರೀ?"

ಅಷ್ಟರಲ್ಲಿ ಅವಳು ಮೂಗು ಅರಳಿಸಿ, ತನ್ನ ಕೈ ಮೂಸಿ ನೋಡಿಕೊಂಡಳು. "ಆ ಡಬ್ಬ ಮುಟ್ಟಿದಾಗಿಂದ ಕೈಯೆಲ್ಲ ಗೋಬಿ ಮಂಚೂರಿ ಗಾಡಿ ವಾಸನೆ. ವಿನಿಗರ್ ಹಾಕಿಟ್ಟಿದ್ರಾ ಅದರಲ್ಲಿ?"

ನನಗೆ ನೆಲ ಕುಸಿಯಿತು. ವಿನಿಗರ್ ವಾಸನೆ ಬರುವುದು ಅಸಿಟೇಟ್ ಫಿಲ್ಮು ಹಾಳಾದಾಗ. ಅದು ಬೆಂಕಿಗೆ ಹೆದರಬೇಕಿಲ್ಲದ ಫಿಲ್ಮು. ನೈಟ್ರೇಟ್ ಬಿಟ್ಟು ಥಿಯೇಟರ್ ಪ್ರಿಂಟುಗಳಿಗೆ ಅದನ್ನು ಬಳಸತೊಡಗಿದ್ದು 1950ರ ಆಸುಪಾಸಿನಲ್ಲಿ. 1934ರ ಸುಲೋಚನೆಗೆ ಗೋಬಿ ವಾಸನೆ ಬರಲು ಸಾಧ್ಯವೇ ಇಲ್ಲ. ನಿಜ ಹೇಳಿದರೆ ಡಬ್ಬ ಉಳಿಯುತ್ತದೆ, ಸುಲೋಚನ ಹೋಗುತ್ತಾಳೆ. ಹೇಳದಿದ್ದರೆ ಸುಲೋಚನ ಉಳಿಯುತ್ತಾಳೆ, ಆದರೆ ಮಳೆಯಲ್ಲಿ.

ದಪ್ಪ ಹನಿ ಬಿತ್ತು.

"ಅದು... ಉರಿಯದ ಜಾತಿಯದು ಅಂತ ಕಾಣುತ್ತೆ," ಅಂದೆ.

"ಹಾಗಾದ್ರೆ ಸುಲೋಚನ?"

ನಾನು ಮೋಡ ನೋಡಿದೆ.

ಡಬ್ಬ ಒಳಗೆ ತಂದು, ಅಮ್ಮ ಪಂಚಾಂಗ ಓದುವ ಭೂತಗನ್ನಡಿ ಇಸಿದುಕೊಂಡು ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದೆವು. ಪೇಟ ಕಟ್ಟಿದ ರೈತನೊಬ್ಬ ಅಂಚೆ ಕಚೇರಿಯ ಕಿಟಕಿಯೆದುರು ಪಾಸ್‌ಬುಕ್ ಹಿಡಿದು ನಗುತ್ತಿದ್ದ. ಮುಂದಿನ ನೂರು ಚೌಕಗಳಲ್ಲೂ ಅವನದೇ ನಗು. ಶೀರ್ಷಿಕೆಯನ್ನು ಮಗ ಜೋರಾಗಿ ಓದಿದ: "ಸಣ್ಣ ಉಳಿತಾಯ."

ಮನೆ ಗಪ್‌ಚಿಪ್.

"ಎಷ್ಟು ಕೊಟ್ಟೆ ಅಂದ್ರಿ?"

"ಮುನ್ನೂರು."

"ಅಪ್ಪಾ, ಡಬ್ಬದ ತಳದಲ್ಲಿ ಸೀಮೆಸುಣ್ಣದಲ್ಲಿ 1800 ಅಂತ ಬರೆದಿದೆ."

"ಅದು ಅಡಿ ಲೆಕ್ಕ ಕಣೋ. ನಿಮಿಷಕ್ಕೆ ತೊಂಬತ್ತಡಿ ಓಡುತ್ತೆ. ಒಟ್ಟು ಇಪ್ಪತ್ತು ನಿಮಿಷದ ಚಿತ್ರ," ಅಂದೆ.

ಲೆಕ್ಕವೇನೋ ಸರಿಯಾಗಿಯೇ ಇತ್ತು.