ಓಮ್ ಮಾಸ್ತರರು ಮತ್ತು ನಮ್ಮ ಮಗ್ಗದ ಓಣಿ

ಬೇರೆ ಊರಿನಲ್ಲಿ ಕರೆಂಟ್ ಹೋದದ್ದು ಕಣ್ಣಿಗೆ ಗೊತ್ತಾಗುತ್ತದೆ, ನಮ್ಮ ಬೆಳಗಾವಿಯ ವಡಗಾವಿಯಲ್ಲಿ ಕಿವಿಗೆ. ಹಗಲು ಹನ್ನೊಂದರ ಬಿಸಿಲಿಗೆ ಯಾರ ಮನೆಯಲ್ಲೂ ದೀಪ ಹತ್ತಿರುವುದಿಲ್ಲ. ಆದರೆ ಅಷ್ಟು ಹೊತ್ತು ಖಟಾಖಟ್ ಖಟಾಖಟ್ ಎನ್ನುತ್ತಿದ್ದ ಓಣಿ ಒಮ್ಮೆಲೇ ಗಪ್ಪಾಗುತ್ತದೆ. ಲಾಳಿ ಇದ್ದಲ್ಲೇ ನಿಂತಿತು ಅಂತ ಲೆಕ್ಕ. ಮರುಗಳಿಗೆಗೆ ಪ್ರತಿ ಬಾಗಿಲಿಗೂ ಒಂದೊಂದು ತಲೆ. "ನಿಮ್ಮದೂ ಹೋಗೇತೇನ್ರಿ?" ಎದುರುಮನೆಯವರದ್ದೂ ಹೋಗಿದೆ ಎಂದು ಖಾತ್ರಿಯಾದ ಮೇಲೆ ಎಲ್ಲರ ಮುಖದಲ್ಲೂ ಒಂದು ಸಮಾಧಾನ. ನಮ್ಮದೊಂದೇ ಹೋಗಿದ್ದರೆ ಮಾತ್ರ ದುಃಖ.

ಮಗ್ಗ ನಿಂತಿತೆಂದರೆ ಕಟ್ಟೆ ತುಂಬಿತು. ಕಟ್ಟೆ ತುಂಬಿದರೆ ನಮ್ಮ ಓಣಿಯ ಹಿರಿಯ ಕಾಕಾ ಅವರ ವಿದ್ಯುತ್ ಉಪನ್ಯಾಸ ಶುರು. ಕಾಕಾ ಅವರ ಸಿದ್ಧಾಂತ ಸರಳವಾದದ್ದು: ಕರೆಂಟ್ ಎಂಬುದು ಟಿಸಿಯಲ್ಲಿ ತುಂಬಿಟ್ಟ ಪದಾರ್ಥ. ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್. ನಮ್ಮ ಕಡೆ ಅದಕ್ಕೆ ಪೂರ್ತಿ ಹೆಸರು ಹೇಳುವಷ್ಟು ಪುರಸೊತ್ತು ಯಾರಿಗೂ ಇಲ್ಲ. ಅಲ್ಲಿಂದ ತಂತಿಗುಂಟ ಕರೆಂಟ್ ಬರುತ್ತದೆ; ಮೇಲಿನ ಓಣಿಯವರು ಮಗ್ಗ ಹಚ್ಚಿ ಅರ್ಧ ಜಗ್ಗಿಕೊಳ್ಳುತ್ತಾರೆ; ಉಳಿದ ಎಂಜಲು ನಮಗೆ. ಅದಕ್ಕೇ ಸಂಜೆಯಾದರೆ ನಮ್ಮ ಬಲ್ಬು ಮಿಣಮಿಣ.

"ಕಾಕಾ, ಕರೆಂಟ್ ಖರ್ಚಾಗಂಗಿಲ್ರಿ. ಹೋದಷ್ಟೂ ವಾಪಸ್ ಬರತೈತ್ರಿ" ಎಂದ ಈ ವರ್ಷ ಎಸ್ಸೆಸ್ಸೆಲ್ಸಿ ಕಟ್ಟಿರುವ ಹುಡುಗ.

"ವಾಪಸ್ ಹೋಗೂದಾದ್ರ ಬಿಲ್ ಯಾಕ್ ಕೊಡತಾರೋ ತಮ್ಮಾ?"

ಹುಡುಗ ಗಪ್ಪಾದ. ಪಾಪ, ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬರುವುದಿಲ್ಲ. 'ರೋಧ ಎಂದರೇನು?' ಒಂದು ಅಂಕ. 'ಓಮ್‌ನ ನಿಯಮ ನಿರೂಪಿಸಿರಿ' ಎರಡೋ ಮೂರೋ ಅಂಕ. ಕಾಕಾ ಅವರಿಗೆ ಉತ್ತರ ಕೊಟ್ಟರೆ ಯಾರೂ ಅಂಕ ಕೊಡುವುದಿಲ್ಲ. ಆದರೂ ನ್ಯಾಯವಾಗಿ ಹೇಳಬೇಕೆಂದರೆ ಹುಡುಗನ ಮಾತೇ ಸರಿ. ತಂತಿಯ ತಾಮ್ರದೊಳಗೆ ಎಲೆಕ್ಟ್ರಾನುಗಳು ಮೊದಲೇ ಗಿಜಿಗಿಜಿ ತುಂಬಿರುತ್ತವೆ, ಟಿಸಿಯಿಂದ ಹೊಸದಾಗಿ ಯಾರೂ ಕಳಿಸಬೇಕಾಗಿಲ್ಲ. ಒಂದು ಆಂಪಿಯರ್ ಕರೆಂಟ್ ಎಂದರೆ ತಂತಿಯ ಒಂದು ಜಾಗವನ್ನು ಪ್ರತಿ ಸೆಕೆಂಡಿಗೆ ಸುಮಾರು 62 ಲಕ್ಷ ಲಕ್ಷ ಕೋಟಿ ಎಲೆಕ್ಟ್ರಾನುಗಳು ದಾಟುತ್ತಿವೆ ಎಂದರ್ಥ. ಹೌದು, ಲಕ್ಷ ಎರಡು ಸಲ, ಅಚ್ಚಿನ ತಪ್ಪಲ್ಲ. ಇಷ್ಟು ಮಂದಿ ದಾಟುತ್ತಾರಲ್ಲ, ಎಂಥ ಓಟವಿರಬೇಕು ಎಂದುಕೊಂಡರೆ ಮೋಸ. ಮನೆಯಲ್ಲಿ ಹಾಕುವ ಒಂದೂವರೆ ಚದರ ಮಿಲಿಮೀಟರಿನ ತಂತಿಯಲ್ಲಿ ಅವರ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಅದೂ ಬ್ಯಾಟರಿಯ ಕರೆಂಟಿನಲ್ಲಿ. ನಮ್ಮ ಮನೆಗೆ ಬರುವ ಕರೆಂಟಿನಲ್ಲಂತೂ ಅವು ಸೆಕೆಂಡಿಗೆ 50 ಸಲ ಮುಂದೆ ಹಿಂದೆ ಜೀಕುತ್ತವೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ. ಗುಂಡಿ ಒತ್ತಿದ ಕೂಡಲೇ ದೀಪ ಹತ್ತುವುದು ಎಲೆಕ್ಟ್ರಾನುಗಳನ್ನು ತಳ್ಳುವ ನೂಕು ತಂತಿಗುಂಟ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಹರಡುವುದರಿಂದ.

ಬಿಲ್ಲು ಬರುವುದು ಎಲೆಕ್ಟ್ರಾನಿಗಲ್ಲ, ಅವುಗಳಿಂದ ಮಾಡಿಸಿಕೊಂಡ ದುಡಿಮೆಗೆ. ಸಾವಿರ ವಾಟಿನ ಸಾಮಾನು ಒಂದು ತಾಸು ನಡೆದರೆ ಒಂದು ಯೂನಿಟ್. ಬಚ್ಚಲಿನ 1500 ವಾಟಿನ ನೀರು ಕಾಸೋ ರಾಡು ನಲವತ್ತು ನಿಮಿಷಕ್ಕೆ ಒಂದು ಯೂನಿಟ್ ನುಂಗುತ್ತದೆ. ಇದನ್ನು ಕಾಕಾ ತಕ್ಷಣ ಒಪ್ಪಿದರು, ಯಾಕೆಂದರೆ ಅವರ ಮನೆಯ ರಾಡು ನಲವತ್ತು ನಿಮಿಷಕ್ಕೆ ನಿಲ್ಲುವುದಿಲ್ಲ.

ಹಾಗಾದರೆ ಬಲ್ಬು ಮಂಕಾಗುವುದು ಯಾಕೆ? ಇಲ್ಲಿ ಓಮ್ ಮಾಸ್ತರರನ್ನು ಕರೆಯಲೇಬೇಕು. ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರಲ್ಲಿ, ಜರ್ಮನಿಯ ಎರ್ಲಾಂಗನ್‌ನಲ್ಲಿ. ಅಪ್ಪ ಬೀಗ ಮಾಡುವವರು. ಮಗ ಕಲೋನಿನ ಸಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದ ಮಾಸ್ತರ. ಸಾಲೆ ಬಿಟ್ಟ ಮೇಲೆ ಟ್ಯೂಷನ್ ಹೇಳಿ ನಾಲ್ಕು ಕಾಸು ಮಾಡಿಕೊಳ್ಳುವುದು ಬಿಟ್ಟು, ಬೇರೆ ಬೇರೆ ಉದ್ದದ, ಬೇರೆ ಬೇರೆ ದಪ್ಪದ ತಂತಿಗಳಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂದು ಅಳೆಯುತ್ತ ಕುಳಿತರು. ಆಗಿನ ಬ್ಯಾಟರಿಗಳ ನೂಕು ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆ ಇರುತ್ತಿರಲಿಲ್ಲ. ಮಾಸ್ತರರು ಅದನ್ನು ಬದಿಗಿಟ್ಟು, ತಾಮ್ರ ಮತ್ತು ಬಿಸ್ಮತ್ ಎರಡು ಲೋಹ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಬರ್ಫಿನಲ್ಲಿ ಇಟ್ಟು ಕದಲದ ನೂಕು ಪಡೆದರು. 1827ರಲ್ಲಿ ಪುಸ್ತಕ ಬಂತು. ಜರ್ಮನಿಯ ಪಂಡಿತರು ಮೂಗು ಮುರಿದರು, ಮಾಸ್ತರರು ನೌಕರಿ ಬಿಟ್ಟರು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಾಗ 1841. ಮಾಸ್ತರಕಿ ಮಾಡಿದವರಿಗೆ ಮರ್ಯಾದೆ ತಡವಾಗಿ ಸಿಗುವುದು ಬರೀ ನಮ್ಮ ಜಿಲ್ಲೆಯ ಪದ್ಧತಿ ಅಂದುಕೊಂಡಿದ್ದೆವು.

ಅವರು ಹೇಳಿದ್ದು ಇಷ್ಟೇ: ನೂಕು ಎಷ್ಟಿದೆಯೋ ಅದನ್ನು ಅಡ್ಡಿಯಿಂದ ಭಾಗಿಸಿದರೆ ಹರಿವು. ನೂಕಿಗೆ ವೋಲ್ಟು, ಅಡ್ಡಿಗೆ ಅಂದರೆ ರೋಧಕ್ಕೆ ಓಮ್, ಹರಿವಿಗೆ ಆಂಪಿಯರ್. ತಂತಿಯ ಬಿಸಿ ಬದಲಾಗದೆ ಇರಬೇಕೆಂಬುದು ಕರಾರು. ಇದನ್ನೇ ಮಕ್ಕಳು 'ವಿ ಈಸ್ ಈಕ್ವಲ್ ಟು ಐಆರ್' ಎಂದು ರಾಗವಾಗಿ ಹೇಳಿ ಮರೆಯುತ್ತಾರೆ.

ಆಷಾಢದಲ್ಲಿ ಮಂಗಾಯಿ ದೇವಿ ಜಾತ್ರೆಗೆ ವಡಗಾವಿಗೆ ಬಂದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಿಂದಿನಿಂದ ಮಂದಿ ನೂಕುತ್ತಾರೆ, ಅದು ವೋಲ್ಟು. ಗಲ್ಲಿ ಸಣ್ಣದು, ಎರಡೂ ಕಡೆ ತೆಂಗಿನಕಾಯಿ ಅಂಗಡಿ, ಬಳೆ ಅಂಗಡಿ, ಅದು ಅಡ್ಡಿ. ಗಲ್ಲಿ ಎರಡು ಪಟ್ಟು ಉದ್ದವಾದರೆ ಅಡ್ಡಿಯೂ ಎರಡು ಪಟ್ಟು. ಎರಡು ಪಟ್ಟು ಅಗಲವಾದರೆ ಅಡ್ಡಿ ಅರ್ಧ. ಒಂದೇ ಗುಡಿಗೆ ಇನ್ನೊಂದು ಗಲ್ಲಿ ತೆರೆದರೆ ಒಟ್ಟು ಅಡ್ಡಿ ಇಳಿಯುತ್ತದೆ, ಹೆಚ್ಚು ಮಂದಿ ದಾಟುತ್ತಾರೆ. ಪುಸ್ತಕದವರು ಅದಕ್ಕೆ ಸಮಾಂತರ ಜೋಡಣೆ ಎನ್ನುತ್ತಾರೆ. ನಿಮ್ಮ ಮನೆಯ ಫ್ಯಾನು, ಟಿವಿ, ಮಿಕ್ಸರ್ ಎಲ್ಲ ಹೀಗೆಯೇ. ಒಂದು ಹಾಳಾದರೆ ಇನ್ನೊಂದು ನಿಲ್ಲುವುದಿಲ್ಲ. ದೀಪಾವಳಿಯ ಹಳೇ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಸತ್ತರೆ ಇಡೀ ಸರ ಸಾಯುತ್ತಿತ್ತಲ್ಲ, ಅದು ಸರಣಿ ಜೋಡಣೆ.

ಈಗ ಮಿಣಮಿಣ ಬಲ್ಬಿನ ವಿಚಾರಣೆ. ನೇಕಾರರ ಮನೆಯಲ್ಲಿ ಮುಂದೆ ಪಡಸಾಲೆ, ಹಿಂದೆ ಮಗ್ಗ. ಮೀಟರಿನಿಂದ ಹಿತ್ತಲಿನ ಮಗ್ಗಕ್ಕೆ ತಂತಿ ಮೂವತ್ತು ಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಹೋಗುವ ತಂತಿ ಒಂದು, ಬರುವ ತಂತಿ ಒಂದು, ಒಟ್ಟು ಅರವತ್ತು. ಒಂದೂವರೆ ಚದರ ಮಿಲಿಮೀಟರಿನ ತಾಮ್ರವಾದರೆ ಅದರ ರೋಧ ಸುಮಾರು 0.7 ಓಮ್. 'ಅಷ್ಟೇ ತಾನೆ?' ಎನ್ನಬೇಡಿ. ಮೋಟರು ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಕ್ಷಣಹೊತ್ತು ಮಾತ್ರ. 20 ಆಂಪಿಯರ್ ಎಳೆಯಿತೆನ್ನಿ: 20ನ್ನು 0.7ರಿಂದ ಗುಣಿಸಿದರೆ 14 ವೋಲ್ಟು. ಮೀಟರಿನ ಹತ್ತಿರ 230 ಇದ್ದದ್ದು ಹಿತ್ತಲಿಗೆ 216 ಆಗಿ ಮುಟ್ಟಿತು. ಅದೇ ತಂತಿಗೆ ನೇತುಬಿದ್ದ ಬಲ್ಬಿಗೆ ಮೈಯಲ್ಲಿ ಶಕ್ತಿ ಎಲ್ಲಿಂದ ಬರಬೇಕು? ಹದಿನಾಲ್ಕು ವೋಲ್ಟು ಕದ್ದವರು ಮೇಲಿನ ಓಣಿಯವರಲ್ಲ. ಕದ್ದದ್ದು ಕಾಕಾ ಅವರೇ ಚೌಕಾಸಿ ಮಾಡಿ ತಂದ ಸಪೂರ ತಂತಿ. ಆ ಹೊತ್ತಿಗೆ ತಂತಿಯಲ್ಲಿ ಸುಮ್ಮನೆ ಬಿಸಿಯಾಗಿ ಹೋಗುವ ಶಕ್ತಿ, 14 ವೋಲ್ಟನ್ನು 20 ಆಂಪಿಯರಿನಿಂದ ಗುಣಿಸಿದರೆ, 280 ವಾಟು. ಎರಡೂವರೆ ಚದರ ಮಿಲಿಮೀಟರಿನ ತಂತಿ ಹಾಕಿದ್ದರೆ ಇಳಿತ ಎಂಟು ವೋಲ್ಟಿಗೆ ನಿಲ್ಲುತ್ತಿತ್ತು. ಓಣಿಯ ಕಂಬದ ತಂತಿಗೂ ಇದೇ ಲೆಕ್ಕ. ಟಿಸಿಯಿಂದ ದೂರವಾದ ಕೊನೆಯ ಮನೆಗೆ ಯಾವಾಗಲೂ ನೂಕು ಕಡಿಮೆ.

"ಅಂದ್ರ ಈ ರೋಧ ಅನ್ನೂದು ಸುಡುಗಾಡು. ಇಲ್ಲದಿದ್ರ ಎಷ್ಟ್ ಚಲೋ ಇರತಿತ್ತು" ಎಂದರು ಕಾಕಾ.

ಇದೇ ನನಗೆ ಸೇರದ ಮಾತು. ಒಳ್ಳೆಯದಕ್ಕೆಲ್ಲ ಕರೆಂಟಿನ ಹೆಸರು, ಕೆಟ್ಟದ್ದಕ್ಕೆಲ್ಲ ರೋಧದ ಹೆಸರು. ಡಿಸೆಂಬರಿನ ಬೆಳಗಾವಿ ಚಳಿಯಲ್ಲಿ ಬೆನ್ನ ಮೇಲೆ ಸುರುವಿಕೊಳ್ಳುವ ಬಿಸಿನೀರು ಯಾರ ಪುಣ್ಯ? ರಾಡಿನೊಳಗೆ ಸುತ್ತಿಟ್ಟ ನೈಕ್ರೋಮ್ ತಂತಿಯದು. ನಿಕ್ಕಲ್, ಕ್ರೋಮಿಯಂ ಬೆರೆಸಿದ ಲೋಹ; ಅದೇ ಉದ್ದ, ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಸುಮಾರು ಅರವತ್ತು ಪಟ್ಟು ಅಡ್ಡಿ. 1500 ವಾಟಿನ ರಾಡಿನ ರೋಧ 35 ಓಮ್, ಹರಿಯುವುದು ಆರೂವರೆ ಆಂಪಿಯರ್. ಗೋಡೆಯ ತಂತಿಯಲ್ಲೂ ಅದೇ ಆರೂವರೆ ಆಂಪಿಯರ್ ಹರಿಯುತ್ತದೆ, ಆದರೆ ಅದರ ರೋಧ ಒಂದು ಓಮಿಗೂ ಕಡಿಮೆ. ಹಾಗಾಗಿ ಬಿಸಿಯೆಲ್ಲ ಬಕೆಟ್ಟಿಗೆ, ಗೋಡೆ ತಣ್ಣಗೆ. ಸೀರೆಗೆ ಗಂಜಿ ಹಾಕಿ ತಿಕ್ಕುವ ಇಸ್ತ್ರಿಪೆಟ್ಟಿಗೆಯದೂ ಇದೇ ಕಥೆ. ರೋಧ ಇರಬೇಕಾದಲ್ಲಿ ಇದ್ದರೆ ದುಡಿಮೆ, ಇರಬಾರದ ಕಡೆ ಹುಟ್ಟಿಕೊಂಡರೆ ಬೆಂಕಿ.

ಇರಬಾರದ ಕಡೆ ಅದು ಹುಟ್ಟುವುದನ್ನು ನೋಡಬೇಕೇ? ಮೇನ್ ಬಂದ್ ಮಾಡಿಸಿ, ನಿಮ್ಮ ಬಚ್ಚಲಿನ ಪ್ಲಗ್ಗಿನ ಹಲಗೆಯನ್ನು ವಾಯರಮನ್ ಕೈಲಿ ಬಿಚ್ಚಿಸಿರಿ. ಹಳೇ ಮನೆಯಾದರೆ ಬಿಳಿ ಪ್ಲಾಸ್ಟಿಕ್ಕು ಒಂದು ಮೂಲೆಯಲ್ಲಿ ಕಂದಾಗಿ, ಒಳಗಡೆ ಮಸಿ ಹಿಡಿದಿರುತ್ತದೆ. ತಂತಿಯ ತುದಿಯಲ್ಲಿ ತಾಮ್ರದ ಕೆಂಪು ಹೋಗಿ ಕಪ್ಪು. ಸ್ಕ್ರೂ ಬೆರಳಿಗೇ ತಿರುಗುತ್ತದೆ. ಈ ಸಡಿಲಾದ ಸ್ಕ್ರೂ, ಅದರ ಕೆಳಗಿನ ಮಸಿ ಸೇರಿ ಅರ್ಧ ಓಮ್ ಆಯಿತೆನ್ನಿ. ಎರಡು ಸಾವಿರ ವಾಟಿನ ಗೀಸರು 8.7 ಆಂಪಿಯರ್ ಎಳೆದರೆ ಆ ಒಂದು ಚುಕ್ಕೆಯಲ್ಲಿ 38 ವಾಟು ಬಿಸಿ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಣ್ಣ ಬೆಸುಗೆ ಕಡ್ಡಿ 25 ವಾಟಿನದು! ಬಿಸಿಯಾದಷ್ಟೂ ಮಸಿ ಹೆಚ್ಚು, ಮಸಿ ಹೆಚ್ಚಿದಷ್ಟೂ ರೋಧ ಹೆಚ್ಚು, ರೋಧ ಹೆಚ್ಚಿದಷ್ಟೂ ಬಿಸಿ. ಪಕ್ಕದಲ್ಲೇ ನೂಲಿನ ಕಂಡಿಕೆಗಳ ಬುಟ್ಟಿ ಇಟ್ಟಿರುವವರು ಇದನ್ನು ಇನ್ನೊಮ್ಮೆ ಓದಬೇಕು. ಫ್ಯೂಸೂ ಹಾರುವುದಿಲ್ಲ, ಯಾಕೆಂದರೆ ಕರೆಂಟ್ ಹೆಚ್ಚಾಗಿಲ್ಲವಲ್ಲ.

ಫ್ಯೂಸ್ ಎಂದಾಗ ನೆನಪಾಯಿತು. ಪದೇ ಪದೇ ಹಾರುತ್ತದೆಂದು ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತುವ ಜಾಣರು ಪ್ರತಿ ಗಲ್ಲಿಯಲ್ಲೂ ಒಬ್ಬರಿದ್ದಾರೆ. ಫ್ಯೂಸು ಸಾಯುವುದಕ್ಕೆಂದೇ ಹುಟ್ಟಿದ್ದು. ಅದನ್ನು ಚಿರಂಜೀವಿ ಮಾಡಿದರೆ ಅದರ ಬದಲು ಗೋಡೆಯೊಳಗಿನ ತಂತಿ ಸಾಯುತ್ತದೆ.

ತಂತಿಯನ್ನು ಬಿಸಿ ಮಾಡುವುದು ಅದರಲ್ಲಿ ಹರಿಯುವ ಕರೆಂಟೇ ಆದ್ದರಿಂದ, ಕರೆಂಟ್ ಕಡಿಮೆ ಮಾಡಿದರೆ ದಾರಿಯ ನಷ್ಟ ಕಡಿಮೆ ಎಂಬ ಲೆಕ್ಕ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದರಲ್ಲ, ಆಗ ನೂಕನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿಯೇ ಕಳಿಸಿದ್ದು. ನೂಕು ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಹರಿವು ಹತ್ತನೇ ಒಂದು, ತಂತಿಯ ನಷ್ಟ ನೂರನೇ ಒಂದು. ನಮ್ಮ ಓಣಿಯ ಟಿಸಿಗೂ 11 ಸಾವಿರ ವೋಲ್ಟು ಬಂದು 230 ಆಗಿ ಇಳಿಯುವುದು ಇದೇ ಕಾರಣಕ್ಕೆ. ಖಾನಾಪುರದ ಕಾಡಿನೊಳಗೆ, ಕಣಕುಂಬಿ, ಜಾಂಬೋಟಿ ಕಡೆ ಮಳೆಗಾಲದಲ್ಲಿ ಮರ ಬಿದ್ದು ಹರಿಯುವ ತಂತಿಗಳಲ್ಲಿ ಈ 11 ಸಾವಿರದ್ದೂ ಇರುತ್ತದೆ. ಹರಿದ ತಂತಿ ಸತ್ತಿದೆ ಎಂದು ಕಾಲಿನಿಂದ ಸರಿಸಲು ಹೋಗುವವರಿಗೆ ಓಮ್ ಮಾಸ್ತರರೂ ಸಹಾಯ ಮಾಡಲಾರರು.

"ನಾ ಎಷ್ಟೋ ಸಲ ಶಾಕ್ ಹೊಡಿಸಿಕೊಂಡೇನಿ, ಏನೂ ಆಗಿಲ್ಲ" ಎಂದು ಕಾಕಾ ಎದೆ ತಟ್ಟಿಕೊಂಡರು. ಅವರನ್ನು ಉಳಿಸಿದ್ದೂ ಅವರು ಸುಡುಗಾಡೆಂದ ರೋಧವೇ. ಒಣಗಿದ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. 230 ವೋಲ್ಟಿಗೆ ಕೆಲವೇ ಮಿಲಿಆಂಪಿಯರ್ ಹರಿದು ಜುಮ್ ಎನ್ನಿಸಿ ಬಿಡುತ್ತದೆ. ಬಚ್ಚಲಿನಲ್ಲಿ ಮೈ ತೊಯ್ದು, ಬರಿಗಾಲಿನಲ್ಲಿ ನಿಂತಿದ್ದರೆ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಆಗ ಹರಿಯುವುದು 230 ಮಿಲಿಆಂಪಿಯರ್, ಗುಂಡಿಗೆ ನಿಲ್ಲಿಸಲು ಸಾಕಾಗಿ ಉಳಿಯುತ್ತದೆ. ಫ್ಯೂಸಿನ ಜಾಗದಲ್ಲಿ ಕೂಡಿಸುವ ಎಂಸಿಬಿ ಇದಕ್ಕೆ ಬೀಳುವುದಿಲ್ಲ. ಅದು ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ.

ಆದ್ದರಿಂದ ಮಾಸ್ತರರ ಹೆಸರಿನಲ್ಲಿ ಓಣಿಯವರಿಗೆಲ್ಲ ಒಂದು ಅರ್ಜಿ. ಮುಂದಿನ ಮಳೆಗಾಲದೊಳಗೆ ನೆಲಕ್ಕೆ ಸೋರುವ ಕರೆಂಟ್ 30 ಮಿಲಿಆಂಪಿಯರ್ ಆದರೆ ಬೀಳುವ ಆರ್‌ಸಿಸಿಬಿ ಒಂದನ್ನು ಮೀಟರಿನ ಪಕ್ಕ ಕೂಡಿಸಿಕೊಳ್ಳಿರಿ, ಅರ್ತಿಂಗ್ ಸರಿಯಾಗಿದೆಯೇ ನೋಡಿಸಿರಿ, ರಾಡು ಹಚ್ಚಿದ ಬಕೆಟ್ಟಿಗೆ ಬಂದ್ ಮಾಡದೆ ಕೈ ಹಾಕಬೇಡಿರಿ. ಆರ್‌ಸಿಸಿಬಿಯ ಮೇಲೆ 'ಟೆಸ್ಟ್' ಎಂಬ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿರಿ. ಒತ್ತಿದರೂ ಬೀಳದಿದ್ದರೆ ಅವತ್ತೇ ಬದಲಿಸಿರಿ.